ವಿರುದ್ಧೇಚ್ಛಾವಾದ: ಸುಪ್ತಮನಸ್ಸನ್ನು ಕುರಿತು ಗಿರೀಂದ್ರಶೇಖರ ಬೋಸರ ವಿಚಾರ

ಮನಸ್ಸೆಂಬುದು ತಾನು ಅರಿತಷ್ಟೇ ಅಲ್ಲ. ಅರಿವಿಗೆ ನಿಲುಕದ ಭಾಗವೊಂದು ಅದಕ್ಕುಂಟು. ಆ ಭಾಗವು ಜಡವಾಗಿರದೆ ಮನುಷ್ಯನ ನಡೆನುಡಿಗಳನ್ನು ಒಳಗಿನಿಂದ ಪ್ರೇರಿಸುತ್ತದೆ ಎಂಬುದು ಮನೋವಿಶ್ಲೇಷಣ ಶಾಸ್ತ್ರದ ಮೂಲಪ್ರತಿಜ್ಞೆ. ವಿಯೆನ್ನಾ ನಗರದ ವೈದ್ಯನಾದ ಸಿಗ್ಮಂಡ್ ಫ್ರಾಯ್ಡನು (1856–1939) ಸ್ವಪ್ನ, ಬಾಯ್ತಪ್ಪು, ಮರೆವು, ರೋಗಲಕ್ಷಣ ಇವುಗಳ ಆಧಾರದಿಂದ ಇದನ್ನು ಪ್ರತಿಪಾದಿಸಿದನು. ಅವನು ಹೇಳುವ ಸುಪ್ತಮನಸ್ಸು ಮರೆತ ಸಂಗತಿಗಳ ಉಗ್ರಾಣ ಮಾತ್ರವಲ್ಲ. ಯತ್ನಿಸಿದರೆ ನೆನಪಿಗೆ ಬರುವ ಸಂಗತಿ ಬೇರೆ, ನೆನಪಿಗೆ ಬಾರದಂತೆ ತಡೆಯಲ್ಪಟ್ಟ ಇಚ್ಛೆ ಬೇರೆ. ಈ ತಡೆಗೆ ದಮನವೆಂದು ಹೆಸರು. ಯೋಗಿಯ ನಿಗ್ರಹವು ಅರಿತು ಮಾಡುವ ಸಾಧನೆ. ದಮನವು ಅರಿಯದೆಯೇ ನಡೆಯುವ ವ್ಯಾಪಾರ.

ದಮನವು ಏತರಿಂದ ಉಂಟಾಗುತ್ತದೆ? ಈ ಪ್ರಶ್ನೆಗೆ ಕಲಕತ್ತೆಯಿಂದ ಒಂದು ಸ್ವತಂತ್ರವಾದ ಉತ್ತರ ಹೊರಟಿತು. ವೈದ್ಯರಾಗಿದ್ದ ಗಿರೀಂದ್ರಶೇಖರ ಬೋಸರು ದಮನವನ್ನೇ ವಿಷಯವಾಗಿಟ್ಟುಕೊಂಡು ಬರೆದ ಪ್ರಬಂಧಕ್ಕೆ ಕಲಕತ್ತೆಯ ವಿಶ್ವವಿದ್ಯಾನಿಲಯವು 1921ರಲ್ಲಿ ಡಾಕ್ಟರ್ ಪದವಿಯನ್ನಿತ್ತಿತು. ಗ್ರಂಥದ ಪ್ರತಿಯು ಫ್ರಾಯ್ಡನನ್ನು ತಲುಪಲು ಅವರಿಬ್ಬರ ನಡುವೆ ಪತ್ರವ್ಯವಹಾರ ಮೊದಲಾಯಿತು. 1922ರಲ್ಲಿ ಬೋಸರು ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಗುರುಶಿಷ್ಯರೆಂದು ಕರೆಯಬಹುದಾದ ಈ ಇಬ್ಬರೂ ಒಮ್ಮೆಯೂ ಮುಖಾಮುಖಿಯಾಗಿ ಭೇಟಿಯಾಗಲಿಲ್ಲ.

ಬೋಸರ ವಾದವಿದು: ಯಾವ ಇಚ್ಛೆಯೂ ಒಂಟಿಯಾಗಿ ಹುಟ್ಟುವುದಿಲ್ಲ; ಅದರೊಡನೆ ಅದಕ್ಕೆ ವಿರುದ್ಧವಾದ ಇಚ್ಛೆಯೂ ಹುಟ್ಟುತ್ತದೆ. ಹೊಡೆಯಬೇಕೆಂಬುದರ ಜೊತೆಗೆ ಹೊಡೆಸಿಕೊಳ್ಳಬೇಕೆಂಬುದೂ, ಪ್ರೀತಿಸಬೇಕೆಂಬುದರ ಜೊತೆಗೆ ಪ್ರೀತಿಸಲ್ಪಡಬೇಕೆಂಬುದೂ ಇರುತ್ತವೆ. ಎರಡೂ ಏಕಕಾಲದಲ್ಲಿ ಪ್ರಜ್ಞೆಯಲ್ಲಿ ನಿಲ್ಲಲಾರವಾದುದರಿಂದ ಒಂದು ಮೇಲೆ ಬಂದರೆ ಮತ್ತೊಂದು ಕೆಳಗಿಳಿಯುತ್ತದೆ. ಇದೇ ದಮನ. ತಾಯಿಯಿಂದ ತುತ್ತುಣ್ಣುವ ಮಗುವು ಮರುಗಳಿಗೆಯಲ್ಲಿ ತಾನೇ ತಾಯಿಯಾಗಿ ಗೊಂಬೆಗೆ ಉಣಿಸುವುದನ್ನು ಯಾವ ಮನೆಯಲ್ಲಾದರೂ ಕಾಣಬಹುದು; ಉಣ್ಣುವಾಗ ಅಡಗಿದ್ದುದು ಉಣಿಸುವ ಆಟದಲ್ಲಿ ಹೊರಬಿತ್ತೆಂದು ಈ ಮತದಂತೆ ಹೇಳಬೇಕು. ಆದುದರಿಂದ ಚಿಕಿತ್ಸೆಯಲ್ಲಿ ಬೋಸರು ರೋಗಿಯನ್ನು ಎದುರಿನವನ ಸ್ಥಾನದಲ್ಲಿ ನಿಲ್ಲಿಸಿ ಆಲೋಚಿಸುವಂತೆ ಮಾಡುತ್ತಿದ್ದರು. ತಕ್ಕಡಿಯ ತಟ್ಟೆಗಳಂತೆ ಎರಡು ಇಚ್ಛೆಗಳೂ ಸರದಿಯಾಗಿ ಮೇಲೆ ಬಂದು, ಕೊನೆಗೆ ಎರಡೂ ಪ್ರಜ್ಞೆಗೆ ಗೋಚರವಾದರೆ ದಮನವು ತಾನಾಗಿ ಕಳಚುವುದೆಂದು ಅವರ ಅಭಿಪ್ರಾಯ.

ಭೇದವು ಇಲ್ಲಿಯೇ ತೋರಿತು. ಗಂಡುಮಗುವು ತಾಯಿಯನ್ನು ಬಯಸುವ ಇಚ್ಛೆಯನ್ನು ಬಿಟ್ಟುಕೊಡುವುದು ತಂದೆಯ ದಂಡನೆಯ ಭಯದಿಂದ, ಅಂಗಚ್ಛೇದದ ಭೀತಿಯಿಂದ, ಎಂಬುದು ಫ್ರಾಯ್ಡನ ಸಿದ್ಧಾಂತ. ಭಾರತೀಯ ರೋಗಿಗಳಲ್ಲಿ ಆ ಭೀತಿಯ ಲಕ್ಷಣವು ಯೂರೋಪಿನವರಲ್ಲಿರುವಷ್ಟು ಪ್ರಬಲವಾಗಿಲ್ಲವೆಂದೂ, ಸ್ತ್ರೀಯಾಗಬೇಕೆಂಬ ಇಚ್ಛೆಯು ಇವರಲ್ಲಿ ಸುಲಭವಾಗಿ ಹೊರಪಡುತ್ತದೆಂದೂ ಬೋಸರು 1929ರಲ್ಲಿ ಬರೆದರು. ಫ್ರಾಯ್ಡನು ಈ ವ್ಯತ್ಯಾಸಕ್ಕೆ ಬೆಲೆಗೊಟ್ಟನಾದರೂ ವಿರುದ್ಧೇಚ್ಛಾವಾದವನ್ನು ಪೂರ್ಣವಾಗಿ ಒಪ್ಪಲಿಲ್ಲ. ಇಚ್ಛೆಗಳು ಜೋಡಿಯಾಗಿರುವುದು ಅವುಗಳ ಆಕಾರದ ಮಾತಾಯಿತೇ ಹೊರತು ಒಂದನ್ನೊಂದು ತಳ್ಳುವ ಬಲದ ವಿವರಣೆಯಾಗಲಿಲ್ಲವೆಂಬುದು ಅವನ ಆಕ್ಷೇಪದ ತಿರುಳು.

ಆಕ್ಷೇಪವು ತೂಕವುಳ್ಳದ್ದೇ. ಸಮಬಲದ ಎರಡರಲ್ಲಿ ಒಂದೇ ಏಕೆ ಕೆಳಗಿಳಿಯಬೇಕೆಂಬುದಕ್ಕೆ ಜೋಡಿಯೆಂಬ ಮಾತು ಮಾತ್ರ ಉತ್ತರವಾಗದು. ಆದರೆ ಒಂದು ಸಮಾಜದ ಕುಟುಂಬದಲ್ಲಿ ಕಂಡುದನ್ನು ಮನುಷ್ಯಮಾತ್ರರಿಗೆಲ್ಲ ನಿಯಮವೆಂದು ವಿಧಿಸಬಹುದೇ ಎಂಬ ಬೋಸರ ಪ್ರಶ್ನೆಯೂ ಅಷ್ಟೇ ತೂಕವುಳ್ಳದ್ದು.

ಸಾಹಿತ್ಯವಿಮರ್ಶೆಗೆ ಈ ವಿವಾದವು ಹೊರಗಿನದಲ್ಲ. ಹ್ಯಾಮ್ಲೆಟ್ಟನು ಸೇಡನ್ನು ಮುಂದೂಡುವುದಕ್ಕೆ ಸುಪ್ತವಾದ ಮಾತೃಕಾಮನೆಯೇ ಕಾರಣವೆಂದು ಫ್ರಾಯ್ಡನು ಸೂಚಿಸಿದನು; ಅರ್ನೆಸ್ಟ್ ಜೋನ್ಸನು 1910ರಲ್ಲಿ ಅದನ್ನು ವಿಸ್ತರಿಸಿದನು. ಆದರೆ ರೋಗಿಯ ವಿಷಯದಲ್ಲಿ ವ್ಯಾಖ್ಯಾನಕ್ಕೆ ಪ್ರಮಾಣವೊಂದಿದೆ: ಅವನು ತಡೆಯಿಲ್ಲದೆ ಆಡಿದ ಮಾತು. ಕಾವ್ಯದ ಪಾತ್ರವು ಕವಿ ಆಡಿಸಿದುದಕ್ಕಿಂತ ಒಂದು ಮಾತನ್ನೂ ಹೆಚ್ಚಾಗಿ ಆಡದು. ಇದನ್ನು ಮರೆತ ವಿಮರ್ಶಕನು ಪಾತ್ರದ ಸುಪ್ತಮನಸ್ಸೆಂದು ತನ್ನ ಊಹೆಯನ್ನೇ ಓದಿಬಿಡುವ ಅಪಾಯವುಂಟು. ಸಿದ್ಧಾಂತವು ಕೃತಿಯನ್ನು ಪ್ರಶ್ನಿಸಲು ನೆರವಾಗಬಹುದು. ಉತ್ತರವನ್ನು ಕೃತಿಯೇ ಕೊಡಬೇಕು.