ತೂಕದ ಯಂತ್ರ ಹೇಳದ ಮಾತು

ಗರ್ಭಿಣಿಯ ತೂಕದ ಮಾತು ಬಂದಾಗ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಲ್ಲಿ ಸುತ್ತಲಿನ ಆರು ಹಳ್ಳಿಗಳಲ್ಲಿ ಆರಂಭಿಸಿದ ಅಧ್ಯಯನವನ್ನು ನೆನೆಯದೆ ಮುಂದೆ ಹೋಗಲಾಗದು. ಅಲ್ಲಿನ ಹೆಂಗಸರು ಬಸುರಾಗುವ ಮುನ್ನ ಸರಾಸರಿ ತೂಗುತ್ತಿದ್ದದ್ದು ಸುಮಾರು 42 ಕಿಲೊ. ಅವರ ಕೂಸುಗಳು ಸುಮಾರು 2.7 ಕಿಲೊ. ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳ ಪಕ್ಕದಲ್ಲಿಟ್ಟು ನೋಡಿದರೆ ಇವುಗಳ ಸ್ನಾಯು ಕಡಿಮೆ, ಹೊಟ್ಟೆಯ ಸುತ್ತಳತೆ ಕಿರಿದು. ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. ನೋಡಲು ಬಡಕಲು, ಒಳಗೆ ಕೊಬ್ಬು! ಆದ್ದರಿಂದಲೇ ನಮ್ಮವರಲ್ಲಿ ಬೊಜ್ಜನ್ನು ಬರೀ ಕಿಲೊ ಲೆಕ್ಕದಲ್ಲಿ ಅಳೆಯುವುದು ಸಾಲದು ಎಂಬುದು ನನ್ನ ವಾದ.

ಸೊರಗಿದ ತಾಯಂದಿರ ನಾಡಿನಲ್ಲಿ ಬೊಜ್ಜಿನ ಚಿಂತೆ ಏಕೆ ಎಂದು ಕೇಳಬಹುದು. ಇಂಥ ಮೈಕಟ್ಟಿನವರಿಗೆ ಸ್ವಲ್ಪ ತೂಕ ಏರಿದರೂ ಸಕ್ಕರೆ ಕಾಯಿಲೆ ಹತ್ತಿರವಾಗುತ್ತದೆ. ಹಾಗಾಗಿಯೇ ಭಾರತೀಯ ವೈದ್ಯರು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30ರ ಬದಲು 25ಕ್ಕೇ ಬೊಜ್ಜು ಎನ್ನುತ್ತಾರೆ. ಬೊಜ್ಜಿದ್ದ ಗರ್ಭಿಣಿಗೆ ರಕ್ತದೊತ್ತಡ, ಗರ್ಭಾವಸ್ಥೆಯ ಮಧುಮೇಹ, ಸಿಸೇರಿಯನ್ ಹೆರಿಗೆಯ ಸಂಭವ ಹೆಚ್ಚು. ಹಾಗೆಂದು ಬಸುರಿಯನ್ನು ಉಪವಾಸ ಕೆಡವುವುದು ತಪ್ಪು. ‘ಇಬ್ಬರ ಊಟ ಮಾಡು’ ಎಂಬ ಹಿರಿಯರ ಒತ್ತಾಯದ ಹಿಂದೆ ಪ್ರೀತಿಯಿದೆ, ನಿಜ. ಆದರೆ ಬೇಕಾದದ್ದು ದಿನಕ್ಕೆ ಸುಮಾರು 350 ಕ್ಯಾಲೊರಿಯಷ್ಟು ಹೆಚ್ಚುವರಿ ಆಹಾರ, ಎರಡರಷ್ಟಲ್ಲ. ಪುಣೆಯ ಆ ಹಳ್ಳಿಗಳಲ್ಲಿ ಹಾಲು, ಸೊಪ್ಪು, ಹಣ್ಣು ಹೆಚ್ಚು ತಿಂದವರ ಕೂಸುಗಳೇ ದೊಡ್ಡವಾಗಿದ್ದವು; ಬಹುಪಾಲು ತಾಯಂದಿರಲ್ಲಿ ಬಿ12 ಜೀವಸತ್ವದ ಕೊರತೆಯಿತ್ತು. ತಟ್ಟೆಗೆ ಇನ್ನೊಂದು ಹಿಡಿ ಅನ್ನ ಬಡಿಸಿದರೆ ಆ ಕೊರತೆ ತುಂಬುವುದಿಲ್ಲ.