ಪಿಟೀಲಿನ ಮೊದಲ ಪಾಠ ಮತ್ತು ಶಾಲಾ ವಾದ್ಯವೃಂದ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ರುದ್ರಪಟ್ಟಣವು ಗಾತ್ರದಲ್ಲಿ ಕಿರಿದಾದ ಗ್ರಾಮ. ಸಂಗೀತಪ್ರಪಂಚದಲ್ಲಿ ಅದರ ಹೆಸರು ಹಿರಿದು. ಗಾಯನಕ್ಕೆ ಹೆಸರಾದ ಆರ್. ಕೆ. ಶ್ರೀಕಂಠನ್ (1920–2014), ಅವರ ಸಹೋದರ ಪಿಟೀಲು ವಿದ್ವಾಂಸ ಆರ್. ಕೆ. ವೆಂಕಟರಾಮಶಾಸ್ತ್ರಿ, ರುದ್ರಪಟ್ಟಣಂ ಸಹೋದರರೆಂದು ಖ್ಯಾತರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್. ಕೆ. ಪದ್ಮನಾಭ ಇವರೆಲ್ಲರೂ ಈ ಊರಿನ ಮನೆತನಗಳಿಗೆ ಸೇರಿದವರು. ಒಂದು ಗ್ರಾಮ ಇಷ್ಟು ಮಂದಿ ವಿದ್ವಾಂಸರನ್ನು ನಾಡಿಗೆ ನೀಡಿದುದು ಹೇಗೆ? ಇದಕ್ಕೆ ಉತ್ತರ ಬಲು ಸರಳ. ಸಂಗೀತದ ಮನೆಯಲ್ಲಿ ಬೆಳೆಯುವ ಮಗು ಕಲಿಯುವುದಕ್ಕೆ ಬಹು ಮೊದಲೇ ಕೇಳಿರುತ್ತದೆ. ಜಗಲಿಯಲ್ಲಿ ಹಿರಿಯರು ಪಾಠ ಹೇಳುವಾಗ, ಒಳಮನೆಯಲ್ಲಿ ತಂಬೂರಿ ಮಿಡಿಯುವಾಗ, ಷಡ್ಜ ಪಂಚಮಗಳು ಅದರ ಕಿವಿಯಲ್ಲಿ ನೆಲೆಗೊಂಡಿರುತ್ತವೆ.

ಆದರೆ ಹೊಳೆನರಸೀಪುರದ ರೈತನ ಮಗನಿಗೆ, ಚನ್ನರಾಯಪಟ್ಟಣದ ವ್ಯಾಪಾರಿಯ ಮಗಳಿಗೆ, ಹಾಸನದ ಪ್ರಸಾದನಿಲಯದಲ್ಲಿದ್ದು ಓದುವ ಬಾಲಕನಿಗೆ ಇಂತಹ ಜಗಲಿ ಎಲ್ಲಿಂದ ಬರಬೇಕು? ಮನೆ ನೀಡಲಾರದ ಈ ಶ್ರವಣಸಂಸ್ಕಾರವನ್ನು ನೀಡಬಲ್ಲ ಸ್ಥಾನ ಶಾಲೆಯೊಂದೇ. ಅದರ ಸಾಧನ ಶಾಲಾ ವಾದ್ಯವೃಂದ.

ಪಿಟೀಲು ಹುಟ್ಟಿನಿಂದ ಈ ನೆಲದ ವಾದ್ಯವಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಮದ್ರಾಸಿನಲ್ಲಿ ಐರೋಪ್ಯ ವಾದಕನೊಬ್ಬನಿಂದ ಇದನ್ನು ಕಲಿತು, ಕರ್ನಾಟಕ ಸಂಗೀತಕ್ಕೆ ಅಳವಡಿಸಿದರು. ಮುಂದೆ ಇದು ಕಚೇರಿಯ ಅನಿವಾರ್ಯ ಅಂಗವಾಯಿತು. ಮೈಸೂರು ಸೀಮೆಯಲ್ಲಿ ಅದಕ್ಕೆ ವಿಶೇಷ ಗೌರವ ತಂದವರು ಬಿಡಾರಂ ಕೃಷ್ಣಪ್ಪನವರ ಶಿಷ್ಯ ಟಿ. ಚೌಡಯ್ಯ (1895–1967). ಧ್ವನಿವರ್ಧಕಗಳು ಬಳಕೆಗೆ ಬಾರದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ಕೇಳಿಸಬೇಕೆಂದು ಅವರು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರು.

ಕಲಿಕೆಯ ಆರಂಭದಲ್ಲಿ ಪಿಟೀಲು ಕಠಿಣವಾದ ವಾದ್ಯವೆಂಬುದನ್ನು ಮರೆಮಾಚಬೇಕಾಗಿಲ್ಲ. ವೀಣೆಯಲ್ಲಿ 24 ಮೆಟ್ಟಿಲುಗಳು ಸ್ವರಸ್ಥಾನಗಳನ್ನು ತೋರಿಸುತ್ತವೆ. ಪಿಟೀಲಿನಲ್ಲಿ ಒಂದೂ ಇಲ್ಲ. ಬೆರಳು ಒಂದು ನೂಲಿನಷ್ಟು ಸರಿದರೂ ಸ್ವರ ಕೆಡುತ್ತದೆ. ದೊಡ್ಡ ಪಿಟೀಲಿನ ತಂತಿಯಲ್ಲಿ ಮಿಡಿಯುವ ಭಾಗದ ಉದ್ದ ಸುಮಾರು 33 ಸೆಂಟಿಮೀಟರು. ಮಕ್ಕಳಿಗೆ ಮೊದಲು ಹೇಳಿಕೊಡುವ ಮಾಯಾಮಾಳವಗೌಳ ರಾಗದಲ್ಲಿ ತೆರೆದ ತಂತಿಯೇ ಷಡ್ಜವಾದರೆ, ರಿಷಭವು ತಂತಿಯ ಮೇಲ್ತುದಿಯಿಂದ ಸುಮಾರು 2 ಸೆಂಟಿಮೀಟರು ದೂರದಲ್ಲಿಯೂ, ಗಾಂಧಾರವು ಆರೂವರೆ ಸೆಂಟಿಮೀಟರಿನಲ್ಲಿಯೂ, ಮಧ್ಯಮವು ಎಂಟರ ಆಸುಪಾಸಿನಲ್ಲಿಯೂ ದೊರೆಯುತ್ತವೆ. ಎಂದರೆ ಮೊದಲ ಬೆರಳಿಗೂ ಎರಡನೆಯ ಬೆರಳಿಗೂ ನಾಲ್ಕೂವರೆ ಸೆಂಟಿಮೀಟರಿನ ಅಂತರ. ಎರಡನೆಯದಕ್ಕೂ ಮೂರನೆಯದಕ್ಕೂ ಅದರ ಅರ್ಧಕ್ಕಿಂತಲೂ ಕಡಿಮೆ. ಎಂಟು ವರ್ಷದ ಮಗುವಿನ ಕೈ ಇಷ್ಟು ಅಗಲಕ್ಕೆ ಚಾಚಲಾರದು. ಆದುದರಿಂದಲೇ ಮುಕ್ಕಾಲು, ಅರ್ಧ, ಕಾಲು ಅಳತೆಯ ಪಿಟೀಲುಗಳು ತಯಾರಾಗುತ್ತವೆ. ಮಗುವಿಗೆ ದೊಡ್ಡ ವಾದ್ಯವನ್ನು ಕೊಟ್ಟು, ಸ್ವರಜ್ಞಾನವಿಲ್ಲವೆಂದು ಹಳಿಯುವುದು ಸಲ್ಲದು. ಅನೇಕ ವೇಳೆ ದೋಷವಿರುವುದು ಕಿವಿಯಲ್ಲಲ್ಲ, ಅಳತೆಯಲ್ಲಿ.

ಈ ರಾಗವನ್ನೇ ಮೊದಲ ಪಾಠಕ್ಕೆ ಆರಿಸಿದುದರಲ್ಲಿ ಪೂರ್ವಿಕರ ಜಾಣ್ಮೆ ಕಾಣುತ್ತದೆ. ಸರಳೆ, ಜಂಟಿ ವರಸೆಗಳ ಈ ಪಾಠಕ್ರಮವನ್ನು ಪುರಂದರದಾಸರು ರೂಪಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಈ ರಾಗದಲ್ಲಿ ಸ ರಿ ಗ ಮ ಎಂಬುದರ ಅಂತರಗಳೇ ಪ ದ ನಿ ಸ ಎಂಬಲ್ಲಿಯೂ ಪುನರಾವೃತ್ತವಾಗುತ್ತವೆ. ಕರ್ನಾಟಕ ಪದ್ಧತಿಯಲ್ಲಿ ಪಿಟೀಲಿನ ನಾಲ್ಕು ತಂತಿಗಳು ಷಡ್ಜ, ಪಂಚಮ, ಷಡ್ಜ, ಪಂಚಮಗಳಿಗೆ ಶ್ರುತಿಗೊಳ್ಳುವುದರಿಂದ, ಒಂದು ತಂತಿಯಲ್ಲಿ ಕಲಿತ ಬೆರಳಿನ ವಿನ್ಯಾಸವೇ ಮುಂದಿನ ತಂತಿಗೂ ಒದಗುತ್ತದೆ.

ಬಲಗೈಯ ವಿದ್ಯೆ ಎಡಗೈಯದಕ್ಕಿಂತ ಸೂಕ್ಷ್ಮವಾದುದು. ಕಮಾನಿನ ಕುದುರೆಗೂದಲಿಗೆ ರಾಳ ಸವರಿದಾಗ ಅದು ತಂತಿಯನ್ನು ಹಿಡಿದು ಬಿಡುತ್ತ, ಹಿಡಿದು ಬಿಡುತ್ತ ನಾದವನ್ನು ಹೊರಡಿಸುತ್ತದೆ. ರಾಳ ಸಾಲದಿದ್ದರೆ ಕಮಾನು ಜಾರುತ್ತದೆ. ಒತ್ತಡ ಹೆಚ್ಚಿದರೆ ಕರ್ಕಶಧ್ವನಿ ಏಳುತ್ತದೆ. ಪದ್ಮಾಸನಕ್ಕೆ ಹತ್ತಿರವಾಗಿ ಕುಳಿತು, ವಾದ್ಯದ ತುದಿಯನ್ನು ಬಲಪಾದದ ಹರಡಿನ ಮೇಲೂ ಬುಡವನ್ನು ಎಡಭುಜದ ಬಳಿಯೂ ನೆಲೆಗೊಳಿಸಿದರೆ ಎಡಗೈಗೆ ಭಾರವಿರದು. ಗಮಕಗಳಿಗಾಗಿ ಬೆರಳು ನಿರಾತಂಕವಾಗಿ ಜಾರಬಲ್ಲದು. ಮೊದಲ ಕೆಲವು ವಾರಗಳು ತೆರೆದ ತಂತಿಗಳ ಮೇಲೆ ನೀಳವಾದ ಕಮಾನನ್ನು ಸಮನಾಗಿ ಎಳೆಯುವುದಷ್ಟೇ ಸಾಧನೆಯಾಗಿರಬೇಕು.

ಇಲ್ಲಿಯೇ ಬಹುಮಂದಿ ಬಾಲಕರು ಬೇಸರಗೊಂಡು ವಿದ್ಯೆಯನ್ನು ತ್ಯಜಿಸುವರು. ಏಕಾಂತದಲ್ಲಿ ತಿಂಗಳುಗಟ್ಟಲೆ ಒಂದೇ ಸ್ವರವನ್ನು ಎಳೆಯುವುದು ಎಳೆಯ ಮನಸ್ಸಿಗೆ ಭಾರ. ವಾದ್ಯವೃಂದದ ಉಪಕಾರ ಅರಿವಾಗುವುದು ಈ ಘಟ್ಟದಲ್ಲಿ. ಹಿರಿಯ ವಿದ್ಯಾರ್ಥಿಗಳು ಕೀರ್ತನೆಯನ್ನೋ ಪ್ರಾರ್ಥನೆಯನ್ನೋ ನುಡಿಸುತ್ತಿರುವಾಗ, ಹೊಸಬನು ಹಿಂದಿನ ಸಾಲಿನಲ್ಲಿ ಕುಳಿತು ಷಡ್ಜ ಪಂಚಮಗಳನ್ನು ಮಾತ್ರ ಎಳೆದರೂ ಅದು ಸಂಗೀತವೇ ಆಗುತ್ತದೆ. ತಂಬೂರಿಯ ಕಾರ್ಯವನ್ನು ಅವನು ನಿರ್ವಹಿಸುತ್ತಿರುವನು. ಆರು ತಿಂಗಳಲ್ಲಿ ಪಲ್ಲವಿಯ ಒಂದು ಸಾಲು, ವರ್ಷ ತುಂಬುವ ಹೊತ್ತಿಗೆ ಒಂದು ಗೀತೆ ಅವನ ಪಾಲಿಗೆ ಬರಬಹುದು. ಮುಂದಿನ ಸಾಲಿನಿಂದ ಕೇಳಿಬರುವ ನಾದವೇ ಅವನಿಗೆ ರುದ್ರಪಟ್ಟಣದ ಜಗಲಿ. ಜಪಾನಿನ ಶಿನಿಚಿ ಸುಜುಕಿ (1898–1998) ಪ್ರತಿಪಾದಿಸಿದುದೂ ಇದನ್ನೇ: ಮಗು ಮಾತೃಭಾಷೆಯನ್ನು ಕೇಳಿ ಕಲಿಯುವಂತೆ ಪಿಟೀಲನ್ನೂ ಕೇಳಿ ಕಲಿಯಬೇಕು.

ಕಚೇರಿಯ ಪಿಟೀಲಿಗೂ ವೃಂದದ ಪಿಟೀಲಿಗೂ ಧರ್ಮ ಬೇರೆ. ಕಚೇರಿಯಲ್ಲಿ ಅದು ಗಾಯಕನ ನೆರಳು; ಮನೋಧರ್ಮಕ್ಕೆ ಅಲ್ಲಿ ಅವಕಾಶವುಂಟು. ವೃಂದದಲ್ಲಿಯಾದರೋ ಹತ್ತು ಕಮಾನುಗಳು ಒಮ್ಮೆಗೇ ಮೇಲೇರಿ ಒಮ್ಮೆಗೇ ಇಳಿಯಬೇಕು. ಗಮಕಗಳು ಎಷ್ಟು, ಎಲ್ಲಿ ಎಂಬುದು ಮೊದಲೇ ನಿಶ್ಚಿತವಾಗಿರಬೇಕು. ಆದುದರಿಂದ ಗಮಕಭಾರವಿಲ್ಲದ ಸರಳ ರಚನೆಗಳು ಆರಂಭಕ್ಕೆ ಲೇಸು. ಮುತ್ತುಸ್ವಾಮಿ ದೀಕ್ಷಿತರು ಐರೋಪ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ರಚಿಸಿದ, ಸುಮಾರು 40ರಷ್ಟಿರುವ ನೊಟ್ಟುಸ್ವರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ರಾಷ್ಟ್ರಗೀತೆಯನ್ನು 52 ಸೆಕೆಂಡುಗಳಲ್ಲಿ ಸರಿಯಾಗಿ ಮುಗಿಸಲು ಕಲಿತ ವೃಂದಕ್ಕೆ ಕಾಲಪ್ರಮಾಣವೆಂದರೇನೆಂಬುದು ತಾನಾಗಿ ತಿಳಿಯುತ್ತದೆ. ತನ್ನ ಧ್ವನಿಗಿಂತ ಪಕ್ಕದವನ ಧ್ವನಿಯನ್ನು ಹೆಚ್ಚಾಗಿ ಆಲಿಸುವ ಅಭ್ಯಾಸ ಬಾಳಿಗೂ ಬೇಕಾದ ಶಿಕ್ಷಣವಲ್ಲವೇ?

ಸಂಸ್ಥೆಯೊಂದು ಮನೆಯ ಸ್ಥಾನವನ್ನು ತುಂಬಬಲ್ಲದೆಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ಸಾಕ್ಷಿ. ಹಾನಗಲ್ಲ ಕುಮಾರಸ್ವಾಮಿಗಳ ಕೃಪಾಶ್ರಯದಲ್ಲಿ ಬೆಳೆದ ಅಂಧ ಗವಾಯಿ ಪಂಚಾಕ್ಷರಿಗಳೂ (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಅಲ್ಲಿ ಅಸಂಖ್ಯ ಅಂಧ ಹಾಗೂ ಬಡ ಮಕ್ಕಳಿಗೆ ಅನ್ನದೊಡನೆ ನಾದವನ್ನೂ ಉಣಬಡಿಸಿದರು. ಪುಟ್ಟರಾಜ ಗವಾಯಿಗಳು ಸ್ವತಃ ಪಿಟೀಲನ್ನೂ ನುಡಿಸುತ್ತಿದ್ದರು. ಆ ಮಕ್ಕಳಲ್ಲಿ ಬಹುಮಂದಿಗೆ ಸಂಗೀತದ ಮನೆತನವಿರಲಿಲ್ಲ. ಆಶ್ರಮವೇ ಅವರ ಮನೆತನವಾಯಿತು.

ಶಾಲೆಯು ಮಾಡಬೇಕಾದುದು ಬಹಳವಿಲ್ಲ, ಆದರೆ ಮಾಡುವುದನ್ನು ನಿರಂತರವಾಗಿ ಮಾಡಬೇಕು. ಮಕ್ಕಳ ಅಳತೆಗೆ ತಕ್ಕ ಕೆಲವು ವಾದ್ಯಗಳು ಶಾಲೆಯ ಸ್ವತ್ತಾಗಿರಬೇಕು; ಮಗು ಬೆಳೆದಂತೆ ಚಿಕ್ಕ ವಾದ್ಯವು ಮುಂದಿನ ಮಗುವಿಗೆ ಸಲ್ಲಬೇಕು. ಬಸ್ಸಿನಲ್ಲಿ ಹಳ್ಳಿಗೆ ಹಿಂದಿರುಗುವ ವಿದ್ಯಾರ್ಥಿಯು ಅದನ್ನು ಮನೆಗೆ ಒಯ್ಯಲು ಅನುಮತಿಯಿರಬೇಕು, ಏಕೆಂದರೆ ವಾರಕ್ಕೆ ಎರಡು ಪಾಠಗಳಿಗಿಂತ ದಿನಕ್ಕೆ ಇಪ್ಪತ್ತು ನಿಮಿಷಗಳ ಸಾಧನೆ ಫಲಕಾರಿ. ಒಣಹವೆಯಲ್ಲಿ ಬಿರಡೆಗಳು ಹಿಡಿತ ತಪ್ಪುವುದುಂಟು. ತುಸು ಸೀಮೆಸುಣ್ಣ ಸವರಿದರೆ ನಿಲ್ಲುತ್ತವೆ. ನುಡಿಸಿದ ಬಳಿಕ ಕಮಾನನ್ನು ಸಡಿಲಿಸಿಡಬೇಕು. ಬಿಡಿ ತಂತಿಗಳು ಸದಾ ಸಿದ್ಧವಿರಬೇಕು. ಒಂದು ತಂತಿ ಹರಿದ ಕಾರಣಕ್ಕೆ ವಾದ್ಯವು ವರ್ಷವಿಡೀ ಬೀರುವಿನಲ್ಲಿ ಮಲಗುವಂತಾಗಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಖಾಯಂ ಸಂಗೀತ ಶಿಕ್ಷಕರಿರಬೇಕು. ಶಿಕ್ಷಕರು ಬಿಟ್ಟುಹೋದ ವರ್ಷವೇ ವೃಂದವೂ ಚದುರುತ್ತದೆ. ಅದನ್ನು ಮತ್ತೆ ಕಟ್ಟಲು ಐದು ವರ್ಷ ಬೇಕಾಗಬಹುದು.

ದಾನಿಗಳು ಕಟ್ಟಡಕ್ಕೆ ನೀಡಿದ ಕಲ್ಲು ಕಣ್ಣಿಗೆ ಕಾಣುತ್ತದೆ. ಅರ್ಧ ಅಳತೆಯ ಪಿಟೀಲೊಂದಕ್ಕೆ ಅವರು ನೀಡಿದುದು ಮೇಲ್ನೋಟಕ್ಕೆ ಕಾಣದು. ಆದರೆ ಆ ಒಂದು ವಾದ್ಯ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತ, ಹತ್ತಾರು ಮಕ್ಕಳ ಕಿವಿಯಲ್ಲಿ ಷಡ್ಜವನ್ನು ನೆಲೆಗೊಳಿಸಬಲ್ಲದು. ಅವರೆಲ್ಲರೂ ವಿದ್ವಾಂಸರಾಗಬೇಕೆಂದಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು, ಶ್ರುತಿಗೆ ಶ್ರುತಿ ಸೇರಿದ ಆ ಕ್ಷಣದ ಆನಂದವನ್ನು ಅರಿತವರಾದರೆ ಸಾಕು. ನಾಳೆ ಅವರ ಮನೆಯ ಜಗಲಿಯಲ್ಲಿಯೂ ಒಂದು ಮಗು ಕುಳಿತು ಕೇಳುತ್ತಿರುತ್ತದೆ.