ಉಳಿಸಿಟ್ಟ ಪಾಸ್‌ವರ್ಡ್: ಪೆಟ್ಟಿಗೆ ಎಲ್ಲಿದೆ, ಕೀಲಿ ಯಾರ ಕೈಯಲ್ಲಿದೆ?



ನಮ್ಮ ಸಂಘಗಳಲ್ಲಿ ಮೊದಲಿನಿಂದ ಒಂದು ರೂಢಿ ಇದೆ. ಉಳಿತಾಯದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿಕೈ ಮತ್ತೊಬ್ಬರ ಹತ್ತಿರ. ಯಾರ ಮೇಲೂ ನಂಬಿಕೆ ಇಲ್ಲ ಅಂತ ಅಲ್ಲ, ರೊಕ್ಕ ಎಲ್ಲರದು ಅಂತ. ಈಗ ನಮ್ಮ ಮೊಬೈಲಿನಲ್ಲೂ ಅಂಥದೇ ಒಂದು ಪೆಟ್ಟಿಗೆ ಇದೆ. ಅದರಲ್ಲಿ ಇರುವುದು ಪಾಸ್‌ವರ್ಡ್‌ಗಳು. ಆದರೆ ಅಂಥದೊಂದು ಪೆಟ್ಟಿಗೆ ಇದೆ ಅನ್ನುವುದೇ ಬಹಳ ಮಂದಿಗೆ ಗೊತ್ತಿಲ್ಲ.

ಪೆಟ್ಟಿಗೆ ಎಲ್ಲಿದೆ?

ಇಂಟರ್‌ನೆಟ್ ನೋಡಲು ನಾವು ತೆರೆಯುವ ಕ್ರೋಮ್‌ನಂಥ ಆ್ಯಪ್‌ಗೆ ಬ್ರೌಸರ್ ಅನ್ನುತ್ತಾರೆ. ಮಗಳ ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಪೋರ್ಟಲ್ ತೆರೆದು ಪಾಸ್‌ವರ್ಡ್ ಹಾಕಿದ ಕೂಡಲೇ "ಇದನ್ನು ಸೇವ್ ಮಾಡಲೇ?" ಅಂತ ಕೇಳುವುದು ಅದೇ. ನಾವು 'ಸೇವ್' ಒತ್ತಿದರೆ, ಯಾರೂ ಹಾಗೇ ಓದಲು ಬಾರದಂಥ ಗುಪ್ತ ಅಕ್ಷರಗಳಾಗಿ ಅದನ್ನು ಬದಲಿಸಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ತಾನೇ ತುಂಬುತ್ತದೆ.

ಫೋನಿನಲ್ಲಿ ಗೂಗಲ್ ಖಾತೆ ಇದ್ದರೆ, ಸಾಮಾನ್ಯವಾಗಿ ಈ ಪಾಸ್‌ವರ್ಡ್ ಆ ಖಾತೆಯಲ್ಲೂ ಉಳಿಯುತ್ತದೆ. ನಮ್ಮ ಧುಪದಾಳದ ಒಡ್ಡನ್ನು ನೆನೆಸಿಕೊಳ್ಳಿ. ಘಟಪ್ರಭೆಯ ನೀರು ನಿಲ್ಲುವುದು ಇಲ್ಲಿ, ಆದರೆ ಕಾಲುವೆ ಹೋದಲ್ಲೆಲ್ಲ ಆ ನೀರು ಹೋಗುತ್ತದೆ. ಹಾಗೆಯೇ ನಿಮ್ಮ ಗೂಗಲ್ ಖಾತೆಯನ್ನು ಯಾವ ಯಾವ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ತೆರೆದು ಬಿಟ್ಟಿದ್ದೀರೋ ಅಲ್ಲೆಲ್ಲ ನಿಮ್ಮ ಪಾಸ್‌ವರ್ಡ್‌ಗಳೂ ಹೋಗಬಹುದು. ಹೊಸ ಫೋನ್ ತಗೊಂಡಾಗ ಇದು ಅನುಕೂಲ. ಮಂದಿಯ ಕಂಪ್ಯೂಟರಿನಲ್ಲಿ ಇದೇ ಅಪಾಯ.

ಕೀಲಿ ಯಾವುದು?

ಈ ಪೆಟ್ಟಿಗೆಯ ಕೀಲಿ ಅಂದರೆ ನಿಮ್ಮ ಫೋನಿನ ಲಾಕ್: ಪಿನ್, ಪ್ಯಾಟರ್ನ್ ಅಥವಾ ಬೆರಳಚ್ಚು. ಪಾಸ್‌ವರ್ಡ್ ತೋರಿಸುವ ಮುಂಚೆ ಫೋನ್ ಇದನ್ನು ಕೇಳುತ್ತದೆ. ಆದರೆ ತಾನೇ ತುಂಬುವಾಗ ಎಲ್ಲಾ ಕಡೆ ಕೇಳುವುದಿಲ್ಲ. ಲಾಕ್ ತೆರೆದ ಫೋನ್ ಇನ್ನೊಬ್ಬರ ಕೈಗೆ ಸಿಕ್ಕರೆ ಅವರು ನಿಮ್ಮ ಹೆಸರಿನಲ್ಲೇ ಒಳಗೆ ಹೋಗಬಹುದು. ಓ.ಟಿ.ಪಿ. ಬರುವುದೂ ಅದೇ ಫೋನಿಗೆ!

"ಲಾಕ್ ಯಾಕ್ರಿ, ನಮ್ಮ ಫೋನ್‌ನ್ಯಾಗ ಏನೈತಿ?" ಅಂತ ಕೆಲವರು ಕೇಳುತ್ತಾರೆ. ಬ್ಯಾಂಕ್ ಖಾತೆಗೆ ಜೋಡಿಸಿದ ನಂಬರು ಅದರಲ್ಲಿದೆ. ಗೃಹಲಕ್ಷ್ಮಿ ಹಣ ಜಮಾ ಆದ ಸುದ್ದಿ ಬರುವುದು ಅದಕ್ಕೇ. ಸಂಘದ ಪ್ರತಿನಿಧಿಯ ಫೋನ್ ಆದರೆ ಸಂಘದ ಲೆಕ್ಕವೂ ಅದರಲ್ಲಿ ಇರಬಹುದು. ಲಾಕ್ ಇಲ್ಲದ ಫೋನ್ ಅಂದರೆ ಕೀಲಿ ಹಾಕದ ಪೆಟ್ಟಿಗೆ.

ನಾವು ಏನು ಮಾಡಬೇಕು?

1. ಫೋನಿಗೆ ಆರು ಅಂಕಿಯ ಪಿನ್ ಹಾಕಿರಿ. ಹುಟ್ಟಿದ ವರ್ಷ, 123456 ಬೇಡ. ಯಾರ ಯಾರ ಬೆರಳಚ್ಚು ಸೇರಿಸಿದ್ದೀರಿ ನೋಡಿಕೊಳ್ಳಿ.

2. ಸ್ವಂತ ಫೋನಿನಲ್ಲಿ ಪಾಸ್‌ವರ್ಡ್ ಸೇವ್ ಮಾಡುವುದು ತಪ್ಪಲ್ಲ. ಎಲ್ಲಾ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ, ಬೇರೆ ಬೇರೆ ಇಟ್ಟು ಸೇವ್ ಮಾಡುವುದೇ ಒಳ್ಳೆಯದು.

3. ಗೋಕಾಕ, ಘಟಪ್ರಭಾದ ಕಂಪ್ಯೂಟರ್ ಸೆಂಟರುಗಳಲ್ಲಿ ಅರ್ಜಿ ಹಾಕುವಾಗ 'ಸೇವ್' ಬೇಡವೆಂದು ಹೇಳಿರಿ. ಕೆಲಸ ಮುಗಿದ ಮೇಲೆ 'ಲಾಗ್ ಔಟ್' ಮಾಡಿಸಿಯೇ ಎದ್ದು ಬನ್ನಿರಿ. ನಾಚಿಕೆ ಬೇಡ, ಅದು ನಿಮ್ಮ ಹಕ್ಕು.

4. ಪೆಟ್ಟಿಗೆ ತೆರೆದು ನೋಡಿರಿ. ಕ್ರೋಮ್‌ನಲ್ಲಿ ಮೂರು ಚುಕ್ಕೆ ಒತ್ತಿ, 'ಸೆಟ್ಟಿಂಗ್ಸ್'ನಲ್ಲಿ 'ಪಾಸ್‌ವರ್ಡ್ ಮ್ಯಾನೇಜರ್' ತೆರೆದರೆ ಪಟ್ಟಿ ಸಿಗುತ್ತದೆ. ಬೇಡವಾದದ್ದನ್ನು ಅಳಿಸಿರಿ. ಯಾವುದು ದುರ್ಬಲ, ಯಾವುದು ಹೊರಗೆ ಸೋರಿದೆ ಅನ್ನುವುದನ್ನೂ ಅಲ್ಲಿ ತಪಾಸಣೆ ಮಾಡಬಹುದು.

5. ಯು.ಪಿ.ಐ. ಪಿನ್, ಎ.ಟಿ.ಎಂ. ಪಿನ್ ಈ ಪೆಟ್ಟಿಗೆಗೆ ಸೇರಿದ್ದಲ್ಲ. ಫೋನಿನ ಕವರ್ ಹಿಂದೆ, ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಬರೆದಿಡಬೇಡಿ. ಅವು ನೆನಪಿನಲ್ಲಿ ಮಾತ್ರ ಇರಲಿ.

6. ಗೂಗಲ್ ಖಾತೆಯ ಪಾಸ್‌ವರ್ಡ್ ಒಂದನ್ನು ಕಾಗದದಲ್ಲಿ ಬರೆದು ಮನೆಯ ಟ್ರಂಕಿನಲ್ಲಿ ಭದ್ರವಾಗಿ ಇಡಿರಿ.

7. ಹಳೆಯ ಫೋನ್ ಮಾರುವ ಮುಂಚೆ ಗೂಗಲ್ ಖಾತೆ ತೆಗೆದು, ಫೋನನ್ನು ಪೂರ್ತಿ 'ರೀಸೆಟ್' ಮಾಡಿಸಿರಿ. ಸಿಮ್ ತೆಗೆದರೆ ಸಾಕು ಅಂತ ತಿಳಿಯಬೇಡಿ. ಪಾಸ್‌ವರ್ಡ್ ಇರುವುದು ಸಿಮ್‌ನಲ್ಲಿ ಅಲ್ಲ.

ಫೋನ್ ಕಳೆದರೆ?

ಸಂತೆಯಲ್ಲೋ ಬಸ್ಸಿನಲ್ಲೋ ಫೋನ್ ಹೋಯಿತು ಅನ್ನಿ. ಟ್ರಂಕಿನ ಕಾಗದ ಉಪಯೋಗಕ್ಕೆ ಬರುವುದು ಆಗ. ಮನೆಯವರ ಫೋನಿನಲ್ಲಿ ನಿಮ್ಮ ಗೂಗಲ್ ಖಾತೆ ತೆರೆದು, ಕಳೆದ ಫೋನನ್ನು ದೂರದಿಂದಲೇ ಲಾಕ್ ಮಾಡಬಹುದು, ಅದರಲ್ಲಿದ್ದದ್ದನ್ನು ಅಳಿಸಬಹುದು. ಆಮೇಲೆ ಆ ಫೋನಿನಿಂದ ನಿಮ್ಮ ಖಾತೆ ಹೊರಗೆ ತರುವುದನ್ನು ಮರೆಯಬೇಡಿ. ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ, ಮುಖ್ಯ ಪಾಸ್‌ವರ್ಡ್‌ಗಳನ್ನು ಬದಲಿಸಿರಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿರಿ. ಬೇಗ ತಿಳಿಸಿದಷ್ಟೂ ಹಣ ತಡೆಯುವ ಸಾಧ್ಯತೆ ಹೆಚ್ಚು.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡೋಣ. ಪ್ರತಿಯೊಬ್ಬ ಸದಸ್ಯೆಯೂ ತನ್ನ ಫೋನನ್ನು ತಾನೇ ತೆರೆದು ಪಟ್ಟಿ ನೋಡಲಿ. ಓದು ಬಾರದವರಿಗೆ ಪಕ್ಕದವರು ಓದಿ ಹೇಳಲಿ. ಆದರೆ ಪಿನ್ ಮಾತ್ರ ಅವರವರ ಬೆರಳೇ ಒತ್ತಲಿ.